ಪರದೇಶದ ಓದಿನ ಕೊನೆಯ ವಾರಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತನ್ನು ನಮ್ಮ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿದರು. ಎರಡರಲ್ಲಿ ಯಾವುದು ಮೊದಲು, ಯಾವುದಕ್ಕೆ ಎಷ್ಟು ಹೊತ್ತು, ಖರ್ಚು ಯಾರದು ಎಂಬುದನ್ನು ವಿವರಿಸುವ ಗೋಜಿಗೆ ಅವರು ಹೋಗಲಿಲ್ಲ. ಎರಡನ್ನೂ ಒಂದೇ ಕಾಲದಲ್ಲಿ ಮಾಡಬೇಕಾದ ಇಕ್ಕಟ್ಟು ಅವರಲ್ಲಿ ಹೆಚ್ಚು ಜನರಿಗೆ ಒದಗಿರಲಾರದು. ಒಂದು ವರ್ಷದ ಸ್ನಾತಕೋತ್ತರ ಪದವಿಗೆಂದು ಇಂಗ್ಲೆಂಡಿಗೆ ಹೋಗುವ ನಮ್ಮ ಇಂದಿನ ಹುಡುಗ ಹುಡುಗಿಯರಿಗೆ ಮಾತ್ರ ಅದು ತಪ್ಪದೆ ಒದಗುತ್ತದೆ. ವರ್ಷದ ಕೊನೆಯ ಆರೆಂಟು ವಾರಗಳಲ್ಲಿ ಗಾದೆಯ ಎರಡು ಭಾಗಗಳೂ ಎದುರುಬದುರಾಗಿ ನಿಂತು, ಇಬ್ಬರಲ್ಲಿ ಒಬ್ಬರನ್ನು ಆರಿಸಿಕೋ ಎಂದು ಪೀಡಿಸತೊಡಗುತ್ತವೆ.

ಮುಂಬಯಿ, ಪುಣೆ, ದೆಹಲಿಗಳ ಕನ್ನಡ ಮನೆಗಳಲ್ಲಿ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಡೆಯುವ ದೂರವಾಣಿ ಸಂಭಾಷಣೆಗಳನ್ನು ಕೇಳಿದವರಿಗೆ ಈ ವ್ಯಾಜ್ಯ ಹೊಸದಲ್ಲ. ಒಂದು ಮನೆಯಲ್ಲಿ ತಂದೆ ಹೇಳುತ್ತಾರೆ: ಸಾಲ ಮಾಡಿ ಓದಲು ಕಳಿಸಿದ್ದೇವೆ, ತಿರುಗಾಡಲಿಕ್ಕಲ್ಲ, ಪ್ರಬಂಧ ಒಪ್ಪಿಸು, ಕೆಲಸ ಹುಡುಕು, ಉಳಿದದ್ದು ಆಮೇಲೆ. ಇನ್ನೊಂದು ಮನೆಯಲ್ಲಿ ಅಷ್ಟೇ ಅಕ್ಕರೆಯಿಂದ ತಾಯಿ ಹೇಳುತ್ತಾರೆ: ಅಷ್ಟು ದೂರ ಹೋಗಿ ಪ್ಯಾರಿಸ್ ನೋಡದೆ ಬರುತ್ತೀಯಾ, ಮತ್ತೆ ಯಾವಾಗ ಹೋಗುತ್ತೀಯೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೆ ಓದು ಒಂದು ಕಡೆ, ಸುತ್ತಾಟ ಇನ್ನೊಂದು ಕಡೆ, ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ನಷ್ಟ ಎಂಬ ಲೆಕ್ಕವನ್ನು ಇಬ್ಬರೂ ಒಪ್ಪಿಕೊಂಡೇ ಮಾತನಾಡುತ್ತಾರೆ. ಆ ಲೆಕ್ಕವೇ ಸರಿಯಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕೊನೆಯ ವಾರಗಳು ಪ್ರಬಂಧಕ್ಕೂ ತಾನು ಬದುಕಿದ ಊರಿಗೂ ಸಲ್ಲಬೇಕು; ದೂರದ ದೇಶಗಳ ಪಟ್ಟಿಗೆ ಸಲ್ಲಬೇಕಾದ ಕಾಲ ಅದಲ್ಲ.

ಮೊದಲು ಆ ವರ್ಷದ ಕಟ್ಟಡವನ್ನು ನೋಡೋಣ. ಬ್ರಿಟನ್ನಿನ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ 180 ಕ್ರೆಡಿಟ್‌ಗಳದು. ಸೆಪ್ಟೆಂಬರಿನಲ್ಲಿ ಆರಂಭವಾಗುವ ತರಗತಿಗಳು ವಸಂತದ ಹೊತ್ತಿಗೆ ಮುಗಿಯುತ್ತವೆ. ಮೇ, ಜೂನ್‌ಗಳಲ್ಲಿ ಪರೀಕ್ಷೆ. ಅಲ್ಲಿಂದ ಆಗಸ್ಟ್ ಕೊನೆಯವರೆಗೆ ಅಥವಾ ಸೆಪ್ಟೆಂಬರಿನವರೆಗೆ ಇರುವುದು ಡಿಸರ್ಟೇಶನ್ ಎಂಬ ಪ್ರಬಂಧ. ಹಲವು ಕೋರ್ಸುಗಳಲ್ಲಿ ಅದೊಂದಕ್ಕೇ 60 ಕ್ರೆಡಿಟ್, ಅಂದರೆ ಇಡೀ ಪದವಿಯ ಮೂರನೆಯ ಒಂದು ಪಾಲು. ಆದರೆ ಆ ಮೂರು ತಿಂಗಳಿಗೆ ವೇಳಾಪಟ್ಟಿಯಿಲ್ಲ, ತರಗತಿಯಿಲ್ಲ, ಹಾಜರಿ ಕೂಗುವವರಿಲ್ಲ. ಮಾರ್ಗದರ್ಶಕರೂ ಆಗಸ್ಟಿನಲ್ಲಿ ಬಹುಮಟ್ಟಿಗೆ ರಜೆಯ ಮೇಲಿರುತ್ತಾರೆ. ಚಳಿಗಾಲವಿಡೀ ನಾಲ್ಕು ಗಂಟೆಗೇ ಕತ್ತಲಾಗುತ್ತಿದ್ದ ದೇಶದಲ್ಲಿ ಆಗ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಎಲ್ಲಕ್ಕಿಂತ ಕಠಿಣವಾದ ಓದನ್ನೂ ಎಲ್ಲಕ್ಕಿಂತ ಸುಂದರವಾದ ಹವೆಯನ್ನೂ ಒಟ್ಟಿಗೆ ಇಟ್ಟಿರುವ ಈ ಏರ್ಪಾಡು, ಇಪ್ಪತ್ಮೂರರ ವಯಸ್ಸಿನವರ ಸಂಯಮವನ್ನು ಪರೀಕ್ಷಿಸಲೆಂದೇ ಮಾಡಿದಂತಿದೆ.

ಇದಕ್ಕೆ ದುಡಿಮೆಯೂ ಸೇರುತ್ತದೆ. ವಿದ್ಯಾರ್ಥಿ ವೀಸಾದ ಮೇಲೆ ಇರುವವರು ಓದಿನ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಪದವಿ ತರಗತಿಯವರಿಗೆ ಬೇಸಿಗೆ ರಜೆಯಲ್ಲಿ ಈ ಮಿತಿ ಸಡಿಲವಾಗುತ್ತದೆ. ಸ್ನಾತಕೋತ್ತರದವರಿಗೆ ಪ್ರಬಂಧದ ಬೇಸಿಗೆಯೂ ಓದಿನ ಅವಧಿಯೇ ಆದ್ದರಿಂದ ಮಿತಿ ಹಾಗೆಯೇ ಉಳಿಯುತ್ತದೆ. ಅಂಗಡಿಯಲ್ಲೋ ಗೋದಾಮಿನಲ್ಲೋ ಹೋಟೆಲಿನ ಅಡುಗೆಮನೆಯಲ್ಲೋ ಆ 20 ಗಂಟೆ ನಿಂತು, ಉಳಿದ ಹೊತ್ತಿನಲ್ಲಿ ಹತ್ತು ಹದಿನೈದು ಸಾವಿರ ಪದಗಳನ್ನು ಬರೆಯಬೇಕು. ಹೀಗೆ ದುಡಿಯುವವರಿಗೆ ಊರೆಂದರೆ ಕೋಣೆ, ಗ್ರಂಥಾಲಯ, ಕೆಲಸದ ಜಾಗ, ಇವುಗಳ ನಡುವಿನ ಒಂದು ಬಸ್ಸಿನ ಮಾರ್ಗ. ಹನ್ನೆರಡು ತಿಂಗಳಾದ ಮೇಲೆ ಕೈಯಲ್ಲೊಂದು ಪದವಿ, ತಲೆಯ ಮೇಲೊಂದು ಸಾಲ, ನೆನಪಿನಲ್ಲಿ ಆ ಬಸ್ಸಿನ ನಿಲ್ದಾಣಗಳು. ಈ ಬಡತನದ ಬಗ್ಗೆ ನಮ್ಮಲ್ಲಿ ಯಾರೂ ಮಾತನಾಡುವುದಿಲ್ಲ. ಏಕೆಂದರೆ ಅದು ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ.

ಸಾಲದ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಬ್ಯಾಂಕುಗಳು ಅನುಸರಿಸುವ ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಯಾವ ಯಾವ ಖರ್ಚಿಗೆ ಸಾಲ ದೊರೆಯುತ್ತದೆ ಎಂಬ ಪಟ್ಟಿಯಿದೆ. ಶುಲ್ಕ, ವಸತಿ, ಪುಸ್ತಕ, ವಿದೇಶಕ್ಕೆ ಹೋಗುವ ಪ್ರಯಾಣ ಇವೆಲ್ಲ ಆದ ಮೇಲೆ, ಕೋರ್ಸನ್ನು ಪೂರೈಸಲು ಬೇಕಾಗುವ ಇತರ ಖರ್ಚುಗಳೆಂದು ಅಧ್ಯಯನ ಪ್ರವಾಸ, ಪ್ರಾಜೆಕ್ಟ್, ಪ್ರಬಂಧ ಇವುಗಳನ್ನು ಒಂದೇ ಸಾಲಿನಲ್ಲಿ ಹೆಸರಿಸಲಾಗಿದೆ. ಅಂದರೆ ಕೋರ್ಸಿಗೆ ಬೇಕಾದ ಪ್ರವಾಸ ಓದಿನದೇ ಭಾಗವೆಂಬುದನ್ನು ಲೆಕ್ಕದಲ್ಲಿ ಕಟ್ಟುನಿಟ್ಟಾದ ಬ್ಯಾಂಕು ಒಪ್ಪಿಕೊಂಡಿದೆ, ಒಪ್ಪದವರು ನಾವು. ಬ್ಯಾಂಕಿನ ಹಣದಲ್ಲಿ ವಿಹಾರ ಮಾಡಿರೆಂದು ನಾವು ಹೇಳುತ್ತಿಲ್ಲ. ಆ ಯೋಜನೆಯಲ್ಲಿ ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲವಾದರೂ ಬಡ್ಡಿ ಮೊದಲ ದಿನದಿಂದಲೇ ಲೆಕ್ಕವಾಗುತ್ತಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ನೂರಕ್ಕೆ ನೂರು ನಿಜ. ಹಾಸಿಗೆಯನ್ನು ಹೊಲಿಸುವಾಗಲೇ ಆ ಒಂದು ಗೇಣನ್ನು ಸೇರಿಸಿ ಅಳತೆ ತೆಗೆದುಕೊಳ್ಳಬಾರದೇಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಅಳತೆ ತೆಗೆದುಕೊಳ್ಳದೆ ಹೋದಾಗ ಆಗುವುದು ಇಷ್ಟು. ವರ್ಷವಿಡೀ ಎಲ್ಲಿಗೂ ಹೋಗದ ವಿದ್ಯಾರ್ಥಿಗೆ ಕೊನೆಯಲ್ಲಿ ದಿಗಿಲು ಹುಟ್ಟುತ್ತದೆ. ಗೆಳೆಯರ ಚಿತ್ರಗಳು ಫೋನಿನಲ್ಲಿ ಬಂದು ಬೀಳುತ್ತಿರುತ್ತವೆ. ಆಗ ಒಂಬತ್ತು ದಿನಕ್ಕೆ ಐದು ದೇಶಗಳ ಯೋಜನೆ ಸಿದ್ಧವಾಗುತ್ತದೆ. ರಾತ್ರಿ ಬಸ್ಸಿನಲ್ಲಿ ನಿದ್ರೆ, ಬೆಳಗ್ಗೆ ಒಂದು ಗೋಪುರ, ಮಧ್ಯಾಹ್ನ ಒಂದು ಸೇತುವೆ, ಸಂಜೆ ಮತ್ತೆ ಬಸ್ಸು. ಚೀಲದಲ್ಲಿ ತಿದ್ದದ ಎರಡು ಅಧ್ಯಾಯಗಳು. ಕೇಂದ್ರ ಸರ್ಕಾರದ ನೌಕರರಾದ ನಮಗೆ ಈ ದೃಶ್ಯ ಚಿರಪರಿಚಿತ. ನಾಲ್ಕು ವರ್ಷದ ಎಲ್‌.ಟಿ.ಸಿ. ಬ್ಲಾಕು ಮುಗಿಯುವ ಹೊತ್ತಿಗೆ ಕಚೇರಿಗೆ ಕಚೇರಿಯೇ ಅಂಡಮಾನಿಗೂ ಗುವಾಹಟಿಗೂ ಹೊರಡುವುದನ್ನು ನಾವು ಕಂಡಿದ್ದೇವೆ. ಹಾಗೆ ಹೊರಟವರಲ್ಲಿ ಎಷ್ಟೋ ಮಂದಿಗೆ ಊರು ನೋಡುವ ಬಯಕೆಗಿಂತ, ಹಕ್ಕೊಂದು ಕೈತಪ್ಪಿ ಹೋದೀತೆಂಬ ಭಯವೇ ದೊಡ್ಡದು. ಭಯದಿಂದ ಹೊರಟ ಪ್ರವಾಸದಲ್ಲಿ ಕಣ್ಣಿಗಿಂತ ಗಡಿಯಾರಕ್ಕೆ ಕೆಲಸ ಹೆಚ್ಚು.

ವೀಸಾದ ನಿಯಮಗಳನ್ನು ಅರಿತರೆ ಈ ಕೊನೆಯ ಓಟ ಎಷ್ಟು ಇಕ್ಕಟ್ಟಿನದೆಂಬುದು ಇನ್ನೂ ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ವೀಸಾ ಇದ್ದಮಾತ್ರಕ್ಕೆ ಭಾರತೀಯ ವಿದ್ಯಾರ್ಥಿ ಯುರೋಪಿಗೆ ಹೋಗುವಂತಿಲ್ಲ. 29 ದೇಶಗಳ ಶೆಂಗನ್ ವಲಯಕ್ಕೆ ಬೇರೆಯೇ ವೀಸಾ ಬೇಕು. 2024ರ ಜೂನ್‌ನಿಂದ ಅದರ ಶುಲ್ಕ 90 ಯೂರೋ. ಬೇಸಿಗೆಯಲ್ಲಿ ಭೇಟಿಯ ದಿನ ಸಿಗುವುದೇ ಕಷ್ಟ. ಯುರೋಪಿನಿಂದ ಮರಳಿದ ಮೇಲೂ ಬ್ರಿಟನ್ನಿನಲ್ಲಿರುವ ಪರವಾನಗಿ ಕನಿಷ್ಠ ಮೂರು ತಿಂಗಳು ಉಳಿದಿರಬೇಕೆಂದು ಹಲವು ದೂತಾವಾಸಗಳು ಕೇಳುತ್ತವೆ. ಒಂದು ವರ್ಷದ ಕೋರ್ಸಿನವರಿಗೆ ಕೋರ್ಸು ಮುಗಿದ ಮೇಲೆ ಸಿಗುವುದು ನಾಲ್ಕು ತಿಂಗಳು. ನಾಲ್ಕರಲ್ಲಿ ಮೂರನ್ನು ಕಳೆದರೆ ಉಳಿಯುವುದು ಒಂದೇ ತಿಂಗಳು. ಅದೇ ತಿಂಗಳಲ್ಲಿ ಕೋಣೆಯ ಕರಾರೂ ಮುಗಿದಿರುತ್ತದೆ. ಇನ್ನು ಅಲ್ಲಿಯೇ ಉಳಿದು ಕೆಲಸ ಹುಡುಕಲು 2021ರಲ್ಲಿ ಆರಂಭವಾದ ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಿದವರು, ತೀರ್ಮಾನ ಬರುವ ಮುನ್ನ ಯುರೋಪಿಗೆ ಹೋದರೆ ಅರ್ಜಿಯನ್ನು ಹಿಂತೆಗೆದುಕೊಂಡಂತೆಯೇ ಲೆಕ್ಕ. ಐದು ದಿನದ ಪ್ಯಾರಿಸ್ಸಿಗೆ ಎರಡು ವರ್ಷದ ಭವಿಷ್ಯವನ್ನು ಪಣಕ್ಕಿಡುವುದು ಯಾರಿಗೂ ಬೇಡ. ಮನೆಯಲ್ಲಿ ಕುಳಿತು, ಹೋಗಿ ಬಾ ಎಂದೋ ಹೋಗಬೇಡ ಎಂದೋ ಹೇಳುವವರಿಗೆ ಈ ವಿವರಗಳು ಬಹುಮಟ್ಟಿಗೆ ತಿಳಿದಿರುವುದಿಲ್ಲ.

ಆದರೆ ಯಾವ ಹೊಸ ವೀಸಾವೂ ಬೇಡದ ಪ್ರವಾಸವೊಂದು ಬಾಗಿಲಲ್ಲೇ ಇದೆ. ಲೀಡ್ಸ್‌ನಲ್ಲಿ ಓದುವವರು ರೈಲಿನಲ್ಲಿ ಕೀತ್ಲಿಗೆ ಹೋಗಿ ಬಸ್ಸು ಹಿಡಿದರೆ ಬ್ರಾಂಟೆ ಸೋದರಿಯರ ಹಾವರ್ತ್ ಬರುತ್ತದೆ. 1847ರಲ್ಲಿ ಪ್ರಕಟವಾದ ‘ವುದರಿಂಗ್ ಹೈಟ್ಸ್’ ಯಾವ ಗಾಳಿಯಲ್ಲಿ ಹುಟ್ಟಿತೆಂಬುದು ಆ ಮನೆಯ ಹಿಂದಿನ ಬಯಲಿನಲ್ಲಿ ಅರ್ಧ ಗಂಟೆ ನಿಂತರೆ ತಿಳಿಯುತ್ತದೆ. ಮ್ಯಾಂಚೆಸ್ಟರಿನವರಿಗೆ ನಗರದ ನಡುವೆಯೇ 1653ರಲ್ಲಿ ಸ್ಥಾಪನೆಯಾದ ಚೆಟಮ್ಸ್ ಗ್ರಂಥಾಲಯವಿದೆ. 1845ರ ಬೇಸಿಗೆಯಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಎದುರುಬದುರು ಕುಳಿತು ಓದಿದ ಮೇಜನ್ನು ಅಲ್ಲಿ ಇಂದಿಗೂ ತೋರಿಸುತ್ತಾರೆ. ಬ್ರಿಸ್ಟಲ್‌ನಲ್ಲಿ 1833ರಲ್ಲಿ ತೀರಿಕೊಂಡ ರಾಜಾ ರಾಮಮೋಹನ ರಾಯರ ಸಮಾಧಿ ಆರ್ನೋಸ್ ವೇಲ್ ಸ್ಮಶಾನದಲ್ಲಿ ಬಂಗಾಳದ ಛತ್ರಿಯ ಕೆಳಗಿದೆ. ಕಾವೆಂಟ್ರಿಯಲ್ಲಿ 1940ರ ನವೆಂಬರಿನ ಬಾಂಬಿಗೆ ಸುಟ್ಟ ಇಗರ್ಜಿಯ ಗೋಡೆಗಳನ್ನು ಕೆಡವದೆ, ಅದರ ಮಗ್ಗುಲಲ್ಲೇ ಹೊಸದನ್ನು ಕಟ್ಟಿದ್ದಾರೆ. ಲಂಡನ್ನಿನಲ್ಲಿ ಥೇಮ್ಸ್ ದಡದಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಮುಂದೆ ಕನ್ನಡದ ಮಕ್ಕಳು ಚಿತ್ರ ತೆಗೆಸಿಕೊಳ್ಳುತ್ತಾರೆ; ಅಲ್ಲಿಂದ ನಡೆದು ಹೋಗಬಹುದಾದ ದೂರದಲ್ಲಿರುವ ವಸ್ತುಸಂಗ್ರಹಾಲಯಗಳ ಒಳಗೆ ಕಾಲಿಡದೆ ಮರಳುವವರೂ ಇದ್ದಾರೆ. ಬ್ರಿಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಶಾಶ್ವತ ಸಂಗ್ರಹಗಳಿಗೆ ಪ್ರವೇಶ ಉಚಿತ. ವಿದ್ಯಾರ್ಥಿಗಳ ರೈಲು ಕಾರ್ಡು ಇದ್ದರೆ ಟಿಕೆಟ್ಟಿನಲ್ಲಿ ಮೂರನೆಯ ಒಂದು ಪಾಲು ಉಳಿಯುತ್ತದೆ. ಇವೆಲ್ಲ ಒಂದೊಂದು ದಿನದ, ಕೆಲವು ಅರ್ಧ ದಿನದ ಪ್ರವಾಸಗಳು. ಬೆಳಗ್ಗೆ ಎರಡು ಪುಟ ಬರೆದು ಹೊರಟರೂ ರಾತ್ರಿ ಕೋಣೆಗೆ ಮರಳಬಹುದು.

ಹತ್ತಿರದ್ದು ಕಾಣದಿರುವುದು ಮಕ್ಕಳಿಗಷ್ಟೇ ಅಂಟಿದ ಜಾಡ್ಯವಲ್ಲ. ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರ ಪಾಡೂ ಹಾಗೆಯೇ. ದೆಹಲಿಯಲ್ಲಿ ಇಪ್ಪತ್ತು ವರ್ಷ ಇದ್ದವರು ಹುಮಾಯೂನನ ಗೋರಿಯನ್ನು ನೋಡುವುದು ಊರಿನಿಂದ ನೆಂಟರು ಬಂದಾಗ. ಮುಂಬಯಿಯವರಿಗೆ ಘಾರಾಪುರಿ ನೆನಪಾಗುವುದೂ ಆಗಲೇ. ದಿನವೂ ಇರುವ ಊರು ನಾಳೆಯೂ ಇರುತ್ತದೆಂಬ ಭರವಸೆ ನಮ್ಮನ್ನು ಸೋಮಾರಿಗಳನ್ನಾಗಿಸುತ್ತದೆ. ನಮಗಾದರೆ ನಾಳೆ ಎಂಬುದೊಂದು ನಿಜವಾಗಿಯೂ ಇದೆ. ಒಂದು ವರ್ಷದ ವಿದ್ಯಾರ್ಥಿಗೆ ಇಲ್ಲ. ಆ ಊರಿನ ಬೆಳಗಿನ ಸಂತೆ, ನದಿ ತೀರ, ಹಳೆಯ ಪುಸ್ತಕದಂಗಡಿ, ಮನೆ ಬಾಡಿಗೆಗೆ ಕೊಟ್ಟ ಮುದುಕಿಯ ಮಾತು ಇವೆಲ್ಲವೂ ವಿಮಾನದ ಟಿಕೆಟ್ಟಿನ ದಿನಾಂಕಕ್ಕೆ ಮುಗಿಯುತ್ತವೆ. ಪ್ಯಾರಿಸ್ಸಿಗೆ ಮುಂದೊಂದು ದಿನ ಪ್ರವಾಸಿಯಾಗಿ ಹೋಗಬಹುದು. ಲೀಡ್ಸ್‌ಗೆ ವಿದ್ಯಾರ್ಥಿಯಾಗಿ ಮತ್ತೆ ಹೋಗಲಾಗದು.

ಪರದೇಶದಲ್ಲಿ ಓದಿದ್ದರ ಫಲ ಎಲ್ಲಿಂದ ಒದಗುತ್ತದೆಂಬುದಕ್ಕೆ ನಮ್ಮ ಸಾಹಿತ್ಯದಲ್ಲೇ ದೃಷ್ಟಾಂತವಿದೆ. ಯು.ಆರ್. ಅನಂತಮೂರ್ತಿಯವರು 1960ರ ದಶಕದಲ್ಲಿ ಪಿಎಚ್.ಡಿ. ಮಾಡಲು ಬರ್ಮಿಂಗ್‌ಹ್ಯಾಮಿಗೆ ಹೋದರು. 1965ರಲ್ಲಿ ಪ್ರಕಟವಾದ ‘ಸಂಸ್ಕಾರ’ವನ್ನು ಅವರು ಬರೆದದ್ದು ಅಲ್ಲಿದ್ದಾಗ. ಬರ್ಗ್‌ಮನ್ನನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ನೋಡಿದ್ದು, ಆ ಬಗ್ಗೆ ತಮ್ಮ ಅಧ್ಯಾಪಕರಾಗಿದ್ದ ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿಯವರೊಡನೆ ನಡೆದ ಮಾತುಕತೆ ಆ ಕೃತಿಗೆ ಪ್ರೇರಣೆಯಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಓದುವ ಊರಿನಲ್ಲೇ ಒಂದು ಸಿನಿಮಾ, ಗುರುವಿನೊಡನೆ ಒಂದಿಷ್ಟು ಮಾತು, ಆಮೇಲೆ ಕೋಣೆಯಲ್ಲಿ ಕುಳಿತು ತನ್ನ ಊರಿನ ಅಗ್ರಹಾರವನ್ನು ಹೊಸ ಕಣ್ಣಿನಿಂದ ನೋಡಿದ್ದು: ಕನ್ನಡದ ಮಹತ್ವದ ಕಾದಂಬರಿಯೊಂದರ ಹಿಂದಿನ ಪ್ರವಾಸ ಇಷ್ಟೇ ದೂರದ್ದು. ಎಲ್ಲರೂ ಅನಂತಮೂರ್ತಿಯವರಾಗುವುದಿಲ್ಲವೆಂಬುದು ನಮಗೆ ಗೊತ್ತು. ಆದರೆ ಅಂಥ ಸಂಜೆಯೊಂದು ಎಲ್ಲರಿಗೂ ಒದಗಬಹುದು, ಅದಕ್ಕೆ ಬಿಡುವು ಇದ್ದರೆ.

ಇಂಗ್ಲಿಷ್ ಸಾಹಿತ್ಯವನ್ನು ಇಲ್ಲಿಯೇ ಓದಿದವರಿಗೆ ಫ್ರಾನ್ಸಿಸ್ ಬೇಕನ್ನನ ಪ್ರವಾಸವನ್ನು ಕುರಿತ ಪ್ರಬಂಧ ನೆನಪಿರಬಹುದು. 1625ರ ಸಂಕಲನದಲ್ಲಿ ಬಂದ ಆ ಪುಟ್ಟ ಬರಹದಲ್ಲಿ ಅವನು ಎಳೆಯರಿಗೆ ಪ್ರವಾಸವನ್ನು ಶಿಕ್ಷಣದ ಅಂಗವೆಂದೇ ಎಣಿಸುತ್ತಾನೆ. ಅವನ ಸಲಹೆಗಳು ಇಂದಿಗೂ ಹಳತಾಗಿಲ್ಲ. ದಿನಚರಿ ಇಡಬೇಕು, ತನ್ನ ದೇಶದವರ ಗುಂಪಿನಿಂದ ಕೊಂಚ ದೂರವಿದ್ದು ಅಲ್ಲಿನವರೊಡನೆ ಊಟ ಮಾಡಬೇಕು, ಒಂದೇ ನಗರದಲ್ಲಿದ್ದರೂ ಬಿಡಾರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬದಲಾಯಿಸಬೇಕು ಎನ್ನುತ್ತಾನೆ. ಕೊನೆಯದು ನಮಗೆ ಬಹಳ ಹಿಡಿಸುತ್ತದೆ. ನಾಲ್ಕು ನೂರು ವರ್ಷಗಳ ಹಿಂದೆಯೂ ಪ್ರವಾಸವೆಂದರೆ ದೂರವನ್ನು ಅಳೆಯುವುದಲ್ಲವೆಂದು ಬಲ್ಲವರಿಗೆ ಗೊತ್ತಿತ್ತು. ನಮ್ಮ ಮಕ್ಕಳೋ ಬಹುತೇಕ ನಾಲ್ವರು ಭಾರತೀಯರೊಡನೆ ಒಂದು ಮನೆ ಹಿಡಿದು, ಕುಕ್ಕರಿನಲ್ಲಿ ಅನ್ನ ಸಾರು ಮಾಡಿಕೊಂಡು ವರ್ಷ ಕಳೆಯುತ್ತಾರೆ. ಖರ್ಚಿನ ದೃಷ್ಟಿಯಿಂದ ಅದು ಸರಿಯೇ. ಹಾಗೆಂದೇ ಮನೆಯ ಹೊರಗೆ ಹೆಜ್ಜೆಯಿಡುವ ದಿನಗಳು ಇನ್ನೂ ಹೆಚ್ಚು ಬೇಕು.

ನಮ್ಮ ಮಾತಿಗೆ ಎರಡು ಆಕ್ಷೇಪಗಳು ಬರಬಹುದು. ಹೋಗಿರುವುದು ದತ್ತಾಂಶ ವಿಜ್ಞಾನವನ್ನೋ ವ್ಯವಹಾರ ನಿರ್ವಹಣೆಯನ್ನೋ ಓದಲು. ಬ್ರಾಂಟೆಯ ಮನೆ ಕಟ್ಟಿಕೊಂಡು ಅವರಿಗೇನಾಗಬೇಕು ಎಂಬುದು ಒಂದು. ಕೆಲಸಕ್ಕಾಗಿಯೇ ಹೋದವರೆಂದು ಒಪ್ಪೋಣ. ಕೆಲಸ ಕೊಡುವವರ ಮುಂದೆ ಕುಳಿತಾಗ ಆ ನೆಲದ ಮನುಷ್ಯರೊಡನೆ ಆ ನೆಲದ ಬಗ್ಗೆ ಹತ್ತು ನಿಮಿಷ ಸಲೀಸಾಗಿ ಮಾತನಾಡಬಲ್ಲವರಿಗೂ, ಕೋಣೆಯಿಂದ ನೇರವಾಗಿ ಎದ್ದು ಬಂದವರಿಗೂ ವ್ಯತ್ಯಾಸವಿರುತ್ತದೆ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಮಧ್ಯಮ ವರ್ಗದ ಮಗುವಿಗೆ ಪ್ಯಾರಿಸ್ ಮತ್ತೆ ಒದಗದೆ ಹೋಗಬಹುದು. ಆ ಆಸೆಯನ್ನು ಚಿವುಟುವ ಹಕ್ಕು ನಿಮಗೇನಿದೆ? ಹಕ್ಕಿಲ್ಲ. ಹೋಗಲಿ, ಆದರೆ ಈಸ್ಟರ್ ರಜೆಯಲ್ಲಿ ಹೋಗಲಿ. ಆಗ ವೀಸಾದ ಅವಧಿ ಬೇಕಾದಷ್ಟಿರುತ್ತದೆ, ಪ್ರಬಂಧದ ಕತ್ತಿ ತಲೆಯ ಮೇಲೆ ತೂಗುತ್ತಿರುವುದಿಲ್ಲ. ಐದು ದೇಶಗಳ ಬದಲು ಒಂದೇ ನಗರಕ್ಕೆ ಹೋಗಿ ನಾಲ್ಕು ದಿನ ಇದ್ದು ಬರಲಿ.

ಹೆತ್ತವರು ಮಾಡಬಹುದಾದದ್ದು ಇದೆ. ಸಾಲದ ಅರ್ಜಿಯ ಜೊತೆಗೆ ಖರ್ಚಿನ ಅಂದಾಜು ಬರೆಯುವ ದಿನವೇ, ಮನೆಯವರೆಲ್ಲ ಕುಳಿತು ತಿರುಗಾಟಕ್ಕೆಂದು ಒಂದು ಸಣ್ಣ ಮೊತ್ತವನ್ನು ಬೇರೆಯಾಗಿ ಎತ್ತಿಡಲಿ. ಅದು ಸಾಲದ ಹಣವಾಗಬೇಕಿಲ್ಲ, ಮನೆಯ ಉಳಿತಾಯದ್ದಾಗಲಿ. ಆ ಹಣಕ್ಕೆ ಆಮೇಲೆ ಲೆಕ್ಕ ಕೇಳುವುದು ಬೇಡ. ಪ್ರಬಂಧ ಒಪ್ಪಿಸಿದ ಮರುದಿನಕ್ಕೇ ಅಗ್ಗದ ಟಿಕೆಟ್ಟೆಂದು ವಿಮಾನ ಕಾಯ್ದಿರಿಸುವುದೂ ಬೇಡ. ಕೋಣೆಯ ಕರಾರು ಉಳಿದಿದ್ದರೆ ಹತ್ತು ದಿನ ಇರಲಿ. ದಿನವೂ ಫೋನಿನಲ್ಲಿ ಕೆಲಸ ಸಿಕ್ಕಿತೇ ಎಂದು ಕೇಳುವ ಬದಲು, ವಾರಕ್ಕೊಮ್ಮೆಯಾದರೂ ಇವತ್ತು ಏನು ನೋಡಿದೆ ಎಂದು ಕೇಳಿದರೆ, ನೋಡುವುದು ತಪ್ಪಲ್ಲವೆಂಬ ಧೈರ್ಯ ಮಗುವಿಗೆ ಬರುತ್ತದೆ. ಎಷ್ಟೋ ಮಕ್ಕಳು ಒಂದು ದಿನ ಹೊರಗೆ ಹೋಗಿ ಬಂದದ್ದನ್ನು ಮನೆಯವರಿಂದ ಮುಚ್ಚಿಡುತ್ತಾರೆಂಬುದು ಹೇಳಿಕೊಳ್ಳುವಂಥ ಸಂಗತಿಯಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ಪ್ರಬಂಧವನ್ನು ಶತ್ರುವೆಂದು ಕಾಣಬೇಡಿ. ವರ್ಷವಿಡೀ ಯಾರೋ ಹಾಕಿಕೊಟ್ಟ ಪಾಠಗಳನ್ನು ಓದಿದವರಿಗೆ ತಮ್ಮದೇ ಪ್ರಶ್ನೆಯನ್ನು ತಾವೇ ಬೆನ್ನಟ್ಟುವ ಅವಕಾಶ ಸಿಗುವುದು ಅಲ್ಲಿ ಮಾತ್ರ. ಜುಲೈ ಮುಗಿಯುವುದರೊಳಗೆ, ಮಾರ್ಗದರ್ಶಕರು ರಜೆಗೆ ಹೊರಡುವ ಮುನ್ನ, ಒರಟಾಗಿಯಾದರೂ ಒಂದು ಪೂರ್ಣ ಕರಡನ್ನು ಅವರ ಕೈಗಿಡಿ. ಆಗ ಆಗಸ್ಟ್ ತಿಂಗಳು ತಿದ್ದುವ ಕೆಲಸಕ್ಕೆ ಉಳಿಯುತ್ತದೆ. ತಿದ್ದುವವರಿಗೆ ವಾರದಲ್ಲಿ ಒಂದು ದಿನ ಕಾಗದದಿಂದ ದೂರವಿರುವುದು ಒಳ್ಳೆಯದೇ. ಆ ಒಂದು ದಿನವನ್ನು ಊರಿಗೆ ಕೊಡಿ. ಆರು ವಾರಕ್ಕೆ ಆರು ದಿನ. ಅಷ್ಟಕ್ಕೆ ಯಾವ ಪದವಿಯೂ ಕೈತಪ್ಪುವುದಿಲ್ಲ.

ವಿದೇಶಕ್ಕೆ ಹೊರಡುವ ಮಕ್ಕಳನ್ನು ನಮ್ಮ ಕನ್ನಡ ಸಂಘಗಳು ವೇದಿಕೆಗೆ ಕರೆದು ಹಾರ ಹಾಕಿ ಕಳಿಸಿಕೊಡುತ್ತವೆ. ಹಿಂದಿರುಗಿದವರನ್ನು ಕರೆದು ಕೂರಿಸಿಕೊಂಡು ಕೇಳುವ ರೂಢಿ ಮಾತ್ರ ನಮ್ಮಲ್ಲಿಲ್ಲ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಬಂದು ‘ಸಮುದ್ರದಾಚೆಯಿಂದ’ ಬರೆದರು. ಕಾರಂತರು ಯುರೋಪ್ ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ ಬರೆದರು. ಗೊರೂರರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಬಂದಿತು. ಅವರು ಬರೆದದ್ದು ಕೇಳುವವರಿದ್ದರೆಂಬ ನಂಬಿಕೆಯಿಂದ. ಇಂದಿನ ಮಕ್ಕಳು ಬರೆಯಲಿಕ್ಕಿಲ್ಲ. ಆದರೆ ಕೇಳಿದರೆ ಹೇಳಬಲ್ಲರು. ಒಂದು ಭಾನುವಾರದ ಸಂಜೆ ಇಬ್ಬರನ್ನು ಕರೆದು, ನೀವಿದ್ದ ಊರಿನ ಬಗ್ಗೆ ಅರ್ಧ ಗಂಟೆ ಕನ್ನಡದಲ್ಲಿ ಮಾತನಾಡಿ ಎಂದು ಕೇಳೋಣ. ವೀಸಾ ಹೇಗೆ ಸಿಕ್ಕಿತು, ಬಾಡಿಗೆ ಎಷ್ಟು, ಸಂಬಳ ಎಷ್ಟು ಎಂಬ ಪ್ರಶ್ನೆಗಳನ್ನು ಆಮೇಲೆ ಚಹಾ ಕುಡಿಯುವಾಗ ಕೇಳಬಹುದು.